ಶಿವರಾಯನ ಎಡಗೈ

ನಾಶಿಕ
೨೦ ಅಕ್ಟೋಬರ್ ೨೦೨೪

ಪೂಜ್ಯ ಅಜ್ಜನಿಗೆ ಉಮಾಶ್ರೀಯ ಶರಣು ಶರಣಾರ್ಥಿ.

ಬಸ್ ಸ್ಟ್ಯಾಂಡಿನಲ್ಲಿ ನೀವು ಹಾಕಿದ ಕರಾರಿನಂತೆ ಮೊದಲ ಪತ್ರ ಬರೆಯುತ್ತಿದ್ದೇನೆ. 'ಹತ್ತೊಂಬತ್ತು ವರ್ಷ ಕನ್ನಡ ಕೇಳಿಸಿಕೊಂಡೇ ಬೆಳೆದಿ, ಡಾಕ್ಟರ್ ಆಗೂದ್ರಾಗ ಬರಿಯೂದೂ ಕಲಿ' ಅಂದಿರಿ. ನೀವು ಪಾಟಿಯ ಮೇಲೆ ತಿದ್ದಿಸಿದ ಅಕ್ಷರಗಳು ಇನ್ನೂ ನೆನಪಿವೆ, ಒತ್ತಕ್ಷರ ಮಾತ್ರ ಜಗಳಕ್ಕೆ ಬರುತ್ತವೆ. ಇರಲಿ, ಪತ್ರವೇ ಒಳ್ಳೆಯದು. ಫೋನಿನಲ್ಲಿ ನೀವು 'ಆರಾಮ್ ಇದ್ದೀನಿ' ಎಂದು ಎರಡೇ ಮಾತು ಹೇಳಿ ಅಜ್ಜಿಯ ಕೈಗೆ ಕೊಟ್ಟುಬಿಡುತ್ತೀರಿ.

ಅಜ್ಜ, ಮೊನ್ನೆ ನಮ್ಮನ್ನು ಮೊದಲ ಬಾರಿ ದೇಹ ಕೊಯ್ದು ಕಲಿಯುವ ಹಾಲಿಗೆ ಕರೆದುಕೊಂಡು ಹೋದರು. ನಮ್ಮ ಮೇಜಿನ ಮೇಲೆ ಒಬ್ಬ ಅಜ್ಜಿ ಇದ್ದಾಳೆ. ಸಾಯುವ ಮೊದಲೇ ದೇಹ ಕೊಡುತ್ತೇನೆಂದು ಬರೆದುಕೊಟ್ಟಿದ್ದಳಂತೆ. ಹೆಸರು ಹೇಳುವುದಿಲ್ಲ. ಎಲ್ಲರೂ ಸಾಲಾಗಿ ನಿಂತು ಕೈಮುಗಿದು, ಇವರು ನಮ್ಮ ಮೊದಲ ಗುರು ಎಂದು ಪ್ರತಿಜ್ಞೆ ಮಾಡಿದೆವು. ಅವಳ ಹಿಮ್ಮಡಿ ನಮ್ಮ ಮನೆಯ ಕಸ್ತೂರಿ ಅಜ್ಜಿಯ ಹಿಮ್ಮಡಿಯ ಹಾಗೆಯೇ ಒಡೆದಿತ್ತು. ಅದನ್ನು ನೋಡಿ ನನಗೆ ಅಳು ಬಂತು. ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಚಾಕು ಹಿಡಿದಾಗ ಕೈ ಖೂಪ್ ನಡುಗಿತು. ಪಾಠ ಹೇಳುವ ಮಧುರಾ ಮೇಡಂ ಬಂದು ಬೈಯಲಿಲ್ಲ. ಹೀಗೆ ನಡುಗುವುದಕ್ಕೂ ನಿನ್ನ ಕೈಯಲ್ಲಿ ಎಷ್ಟು ಸ್ನಾಯುಗಳು ದುಡಿಯುತ್ತಿವೆ ನೋಡು ಎಂದರು. ನಮ್ಮ ಮನೆಯಲ್ಲಿ ಮಾಂಸದ ಹೆಸರೇ ಎತ್ತುವಂತಿಲ್ಲ, ನಾನು ಅದೆಂದರೆ ಬರೀ ಮುದ್ದೆ ಅಂದುಕೊಂಡಿದ್ದೆ. ಮುದ್ದೆಯಲ್ಲ ಅಜ್ಜ. ಚರ್ಮದ ಕೆಳಗೆ ಎಳೆ ಎಳೆಯಾಗಿ, ಅಜ್ಜಿ ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ, ಎಲ್ಲ ಒಂದೇ ಕಡೆಗೆ ಹೋಗುತ್ತವೆ. ಒಂದು ಎಳೆಯೂ ದಾರಿ ತಪ್ಪಿಲ್ಲ. ಎಷ್ಟೋ ಹೊತ್ತು ಸುಮ್ಮನೆ ನೋಡುತ್ತ ನಿಂತಿದ್ದೆ. ನನ್ನ ಜೊತೆಗಾರ್ತಿ ರುಚಿತಾ ಮೊಣಕೈಯಿಂದ ತಿವಿದು ಎಚ್ಚರಿಸಬೇಕಾಯಿತು.

ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕಳಿಸಿ.

ನಿಮ್ಮ
ಉಮಾ


ಸಂಭಾಜಿನಗರ
೩ ನವೆಂಬರ್ ೨೦೨೪

ಚಿರಂಜೀವಿ ಉಮಾಗೆ ಅಜ್ಜನ ಆಶೀರ್ವಾದ.

ನಿನ್ನ ಪತ್ರ ದೀಪಾವಳಿಯ ದಿನ ಬಂತು. ಹದಿನಾರು ತಪ್ಪು. 'ಖೂಪ್' ಅನ್ನುವುದು ಮರಾಠಿ, ಅದನ್ನು ಹದಿನೇಳನೆಯದೆಂದು ಹಿಡಿಯದೆ ಹಬ್ಬದ ಲೆಕ್ಕದಲ್ಲಿ ಬಿಟ್ಟಿದ್ದೇನೆ. ಒಂದು ಮಾತ್ರ ಬಿಡುವ ತಪ್ಪಲ್ಲ. ಪತ್ರ ಎಂದ ಮೇಲೆ ಮೊದಲ ಸಾಲಿನಲ್ಲಿ 'ಇತ್ತ ನಾವೆಲ್ಲರೂ ಕ್ಷೇಮ' ಎಂದು ಬರೆಯಬೇಕು. ನಮ್ಮ ಅಪ್ಪ ಭಾಲ್ಕಿಯಿಂದ ಬರೆಯುತ್ತಿದ್ದ ಕಾರ್ಡಿನಲ್ಲಿ ಎಷ್ಟೋ ಸಲ ಆ ಒಂದು ಸಾಲೇ ಇರುತ್ತಿತ್ತು. ಅದನ್ನು ಓದಿಕೊಂಡು ನಾನು ನೆಮ್ಮದಿಯಿಂದ ಎರಡು ತಿಂಗಳು ಮಷೀನಿನ ಮುಂದೆ ನಿಲ್ಲುತ್ತಿದ್ದೆ.

ನಿನ್ನ ಗುರುವಿಗೆ ನನ್ನದೂ ಒಂದು ಶರಣು ಹೇಳು. ಅವಳ ಮನೆಯವರು ಗಟ್ಟಿ ಜನ. ನಮ್ಮಲ್ಲಿ ಮಣ್ಣಿಗೆ ಕೊಡುವುದು ಬಿಟ್ಟು ಬೇರೆ ಯೋಚನೆ ಬರುವುದಿಲ್ಲ.

ಮೂವತ್ತೊಂದು ವರ್ಷ ಚಿಕಲಠಾಣಾದ ಫ್ಯಾಕ್ಟರಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಮಷೀನು ನಡೆಸಿದವನು ನಾನು. ಎಡಗೈ ನಡುಬೆರಳಿನ ತುದಿಯನ್ನು ಆ ಮಷೀನು ತಿಂದಿತು, ಆದರೂ ಅದರ ಮೇಲೆ ನನಗೆ ಸಿಟ್ಟಿಲ್ಲ. ಬೇರಿಂಗ್ ಸವೆದರೆ ಶಬ್ದದಲ್ಲೇ ಹೇಳುತ್ತಿದ್ದೆ. ಈಗ ನನ್ನದೊಂದು ಪ್ರಶ್ನೆ. ಎಂಥ ಗಟ್ಟಿ ಮಷೀನಾದರೂ ವಾರ ಎಣ್ಣೆ ಬಿಡದಿದ್ದರೆ ಕಿರುಗುಟ್ಟುತ್ತದೆ. ನಿನ್ನ ಗುರುವಿನ ಮೊಣಕಾಲಿಗೆ ಎಪ್ಪತ್ತು ವರ್ಷ ಎಣ್ಣೆ ಬಿಟ್ಟವರು ಯಾರು? ಮೇಡಂ ಅವರನ್ನು ಕೇಳಿ ಬರೆ.

ಇಲ್ಲಿ ನಿನ್ನಪ್ಪ ಬಸವಕುಮಾರ ಬೆಳಿಗ್ಗೆ ಆರಕ್ಕೇ ಶೇಂದ್ರಾದ ಬಸ್ಸು ಹಿಡಿಯುತ್ತಾನೆ. ಅವನು ಹೋದ ಮೇಲೆ ನನ್ನ ಲಿಂಗಪೂಜೆ. ಕೆಲಸದಲ್ಲಿದ್ದಾಗ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ, ಈಗ ಒಂದೂವರೆ ತಾಸು ಕೂಡುತ್ತೇನೆ. ಅಷ್ಟು ಹೊತ್ತು ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಹಿಡಿದರೆ ತೋಳು ಸೋಲುತ್ತದಲ್ಲ. ಅದಕ್ಕೆ ಹೋದ ವರ್ಷ ಸಾಗವಾನಿ ಕಟ್ಟಿಗೆಯಲ್ಲಿ ಒಂದು ಸಣ್ಣ ಪೀಠ ಮಾಡಿಕೊಂಡಿದ್ದು ನಿನಗೆ ನೆನಪಿರಬೇಕು. ಮೊಣಕೈಯನ್ನು ಮಡಚಿ ಅದರ ಮೇಲೆ ಊರಿಬಿಟ್ಟರೆ ತಾಸು ಕಳೆದದ್ದೂ ತಿಳಿಯುವುದಿಲ್ಲ. ಲೇತ್ ನಡೆಸಿದ ಟರ್ನರ್‌ನ ಬುದ್ಧಿ ಎಂದರೆ ಹಾಗೆ.

ಹಾಂ, ಇನ್ನೊಂದು. ನನ್ನ ಗೆಳೆಯ ಶಿವರಾಯ ಅಂತ, ನೀನು ನೋಡಿಲ್ಲ. ಅವನ ಎಡಗೈಯ ಎರಡು ಬೆರಳು ಯಾವಾಗಲೂ ಜೋಮು ಹಿಡಿದಂತೆ ಇರುತ್ತವಂತೆ. 'ನಿಮ್ಮ ಮೊಮ್ಮಗಳನ್ನ ಕೇಳ್ರಿ' ಎಂದು ಬೆನ್ನು ಹತ್ತಿದ್ದಾನೆ. ಅವಸರವೇನಿಲ್ಲ. ಬಿಡುವಾದಾಗ ನೋಡು.

ನಿನ್ನ ಅಜ್ಜ
ವೈಜನಾಥ


ನಾಶಿಕ
೧೪ ನವೆಂಬರ್ ೨೦೨೪

ಪೂಜ್ಯ ಅಜ್ಜನಿಗೆ ಶರಣು ಶರಣಾರ್ಥಿ. ಇತ್ತ ನಾನು ಕ್ಷೇಮ.

ಬರೆದೆ ನೋಡಿ. ಆದರೆ ನಿಮ್ಮ ಪತ್ರದಲ್ಲಿಯೂ ಆ ಸಾಲು ಇರಲಿಲ್ಲ! ಪಾಠ ಹೇಳುವ ಭರದಲ್ಲಿ ನೀವೇ ಮರೆತಿದ್ದೀರಿ. ಕೆಂಪು ಪೆನ್ನು ನನ್ನ ಹತ್ತಿರವೂ ಇದೆ.

ನಿಮ್ಮ ಪ್ರಶ್ನೆಯನ್ನು ಕ್ಲಾಸಿನಲ್ಲಿ ಎಲ್ಲರೆದುರು ಕೇಳಿದೆ. ಮೇಡಂಗೆ ಎಷ್ಟು ಖುಷಿಯಾಯಿತೆಂದರೆ, ಕೇಳಿದ ಅಜ್ಜನಿಗೆ ನಮಸ್ಕಾರ ಹೇಳು ಎಂದರು. ಕೀಲಿನ ಒಳಗೆ ಒಂದು ತೆಳುವಾದ ಪೊರೆ ಇದೆ, ಎಣ್ಣೆ ಬಿಡುವುದು ಅದೇ. ಲೋಳೆಸರದ ಲೋಳೆಯ ಹಾಗೆ ನುಣ್ಣಗಿರುತ್ತದಂತೆ. ಇಡೀ ಮೊಣಕಾಲಿಗೆ ಒಂದು ಚಮಚವೂ ಇಲ್ಲ. ಅಷ್ಟರಲ್ಲೇ ಮನುಷ್ಯ ಜೀವಮಾನವಿಡೀ ನಡೆಯುತ್ತಾನೆ. ಎರಡು ಎಲುಬು ಸೇರುವ ಜಾಗ ಎಷ್ಟು ನಯವಾಗಿದೆಯೆಂದರೆ ನಿಮ್ಮ ಲೇತಿನಲ್ಲಿಯೂ ಅಂಥ ಪಾಲಿಶ್ ಬರುವುದಿಲ್ಲ. ಕ್ಷಮಿಸಿ, ಆದರೆ ಇದು ನಿಜ.

ಈ ವಾರ ಮುಂಗೈ ಬಿಡಿಸಿದೆವು. ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿ ಇಲ್ಲವೇ ಇಲ್ಲ, ಗೊತ್ತೇ? ಅವೆಲ್ಲ ಮೇಲೆ ಮುಂಗೈಯಲ್ಲಿ ಕೂತಿವೆ. ಅಲ್ಲಿಂದ ಉದ್ದನೆಯ ಹುರಿಗಳು ಮಣಿಕಟ್ಟನ್ನು ದಾಟಿ ಒಂದೊಂದು ಬೆರಳಿಗೆ ಹೋಗುತ್ತವೆ. ನಾನು ನಮ್ಮ ಗುರುವಿನ ಮುಂಗೈಯಲ್ಲಿ ಒಂದು ಹುರಿಯನ್ನು ಮೆಲ್ಲಗೆ ಎಳೆದೆ. ಅವಳ ತೋರುಬೆರಳು ನನ್ನನ್ನು ಕರೆದಂತೆ ಮಡಚಿಕೊಂಡಿತು. ರುಚಿತಾ ಹೆದರಿ ಹಿಂದೆ ಸರಿದಳು. ನನಗೆ ಮಾತ್ರ ಹೆದರಿಕೆಯಾಗಲಿಲ್ಲ. ಈ ಬೆರಳು ಎಷ್ಟು ಮಕ್ಕಳನ್ನು ಹೀಗೆ ಕರೆದಿರಬಹುದು ಅನ್ನಿಸಿ ಮೈ ಜುಮ್ಮೆಂದಿತು.

ನಿಮ್ಮ ಶಿವರಾಯ ಅಜ್ಜನ ಸಂಗತಿಯನ್ನು ಸೀನಿಯರ್ ಸಮೀರನಿಗೆ ಕೇಳಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಕೈಯ ಹಿಂಬದಿಯಲ್ಲಿ, ಗುಂಡಿ ಬಿದ್ದಿದೆಯೇ ನೋಡಲು ಹೇಳಿ. ಗುಂಡಿ ಬಿದ್ದಿದ್ದರೆ ಅಲ್ಲಿಯ ಸ್ನಾಯು ಒಣಗಿದೆ, ನರ ಸತ್ತಿದೆ ಎಂದು ಅರ್ಥ. ಆಮೇಲೆ ಏನು ಮಾಡಿದರೂ ಪ್ರಯೋಜನವಿಲ್ಲವಂತೆ. ಆ ಕೈಯನ್ನು ಮರೆತುಬಿಡಿ ಎಂದು ಹೇಳಿ ಅಷ್ಟೇ. ಹೇಗೂ ಎಡಗೈ ತಾನೇ, ದೊಡ್ಡ ನಷ್ಟವೇನಿಲ್ಲ!

ಊಟಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಳಿಸಲು ಅಜ್ಜಿಗೆ ಹೇಳಿ. ಮೆಸ್ಸಿನ ಊಟಕ್ಕೆ ರುಚಿಯೇ ಇಲ್ಲ.

ನಿಮ್ಮ
ಉಮಾ


ಸಂಭಾಜಿನಗರ
೯ ಡಿಸೆಂಬರ್ ೨೦೨೪

ಚಿ. ಉಮಾಗೆ ಆಶೀರ್ವಾದ.

ತಡವಾಯಿತು. ಎಂಟೇ ತಪ್ಪು ಇದ್ದವು. ಶೇಂಗಾ ಹಿಂಡಿಯ ಡಬ್ಬಿಯನ್ನು ಬೇರೆ ಪಾರ್ಸೆಲ್ಲಿನಲ್ಲಿ ಕಳಿಸಿದ್ದಾಳೆ ಅಜ್ಜಿ.

ಶಿವರಾಯನ ಕೈಯಲ್ಲಿ ಗುಂಡಿ ಇದೆ. ನೀನು ಬರೆದದ್ದನ್ನು ಅವನಿಗೆ ಓದಿ ಹೇಳಿದೆ.

ನೀನು 'ಎಡಗೈ ತಾನೇ' ಎಂದು ಬರೆದಿದ್ದಿ. ತಿಳಿಯದೆ ಬರೆದಿದ್ದಿ, ಸಿಟ್ಟಿಲ್ಲ. ಬಲಗೈ ಉಣ್ಣುವುದಕ್ಕೆ, ದುಡಿಯುವುದಕ್ಕೆ. ನಮ್ಮವರಿಗೆ ಎಡಗೈ ಲಿಂಗ ಹಿಡಿಯುವುದಕ್ಕೆ. ಸತ್ತ ಮೇಲೂ ನಮ್ಮನ್ನು ಮಲಗಿಸುವುದಿಲ್ಲ, ಕೂಡಿಸಿ ಎಡಗೈಯಲ್ಲಿ ಲಿಂಗವನ್ನಿಟ್ಟು ಮಣ್ಣಿಗೆ ಕೊಡುತ್ತಾರೆ. ಇದನ್ನೆಲ್ಲ ನಾನೇ ನಿನಗೆ ಹೇಳಬೇಕಾಗಿತ್ತು.

ಕಾರ್ತಿಕದ ಕೊನೆಯ ಸೋಮವಾರ ಶಿವರಾಯನ ಕೈಯಿಂದ ಲಿಂಗ ಬಿತ್ತು. ಜಾರಿದ್ದೇ ಅವನಿಗೆ ತಿಳಿಯಲಿಲ್ಲ. ನೆಲದ ಫರಸಿಯ ಮೇಲೆ ಶಬ್ದವಾದಾಗ ಕಣ್ಣು ತೆರೆದು ನೋಡುತ್ತಾನೆ, ಅಂಗೈ ಖಾಲಿ. ಹಿಂದಿನವರಾದರೆ ಇಂಥದ್ದಕ್ಕೆ ಪ್ರಾಣವನ್ನೇ ಬಿಡಬೇಕು ಎನ್ನುತ್ತಿದ್ದರು. ಅವನು ಅಷ್ಟು ದೊಡ್ಡವನಲ್ಲ. ಮತ್ತೆ ಎಡಗೈಯಲ್ಲಿ ಲಿಂಗ ನಿಲ್ಲುವವರೆಗೆ ಅನ್ನ, ರೊಟ್ಟಿ ಮುಟ್ಟುವುದಿಲ್ಲ ಎಂದು ಮಾತ್ರ ವ್ರತ ಹಿಡಿದಿದ್ದಾನೆ. ಹಾಲು, ಬಾಳೆಹಣ್ಣಿನ ಮೇಲೆ ಇದ್ದಾನೆ. ಲಿಂಗ ಈಗ ಕೊರಳಿನ ಕರಡಿಗೆಯೊಳಗೇ ಇರುತ್ತದೆ, ಅವನು ಅದನ್ನು ತೆಗೆಯುವುದಿಲ್ಲ.

ಅವನದೊಂದು ಪ್ರಶ್ನೆ. ಜೀವ ಇದ್ದಾಗಲೇ ಹಿಡಿಯಲಾಗದ ಕೈ, ಮಣ್ಣಿನೊಳಗೆ ಕೂತಾಗ ಹಿಡಿಯುತ್ತದೆಯೇ? ನಿನ್ನ ಗುರುವಿನ ಎಡಗೈ ಹೇಗಿದೆ? ಅಂಗೈ ತೆರೆದಿದೆಯೋ, ಮುಚ್ಚಿದೆಯೋ?

ಚಳಿ ಬಹಳ. ಸ್ವೆಟರ್ ಹಾಕಿಕೋ.

ವೈಜನಾಥ


ನಾಶಿಕ
೧೫ ಡಿಸೆಂಬರ್ ೨೦೨೪

ಪೂಜ್ಯ ಅಜ್ಜನಿಗೆ ಶರಣು ಶರಣಾರ್ಥಿ. ಇತ್ತ ನಾನು ಕ್ಷೇಮ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಾಚಿಕೆಯಾಯಿತು. ದಿನಾ ಬೆಳಿಗ್ಗೆ ನಿಮ್ಮ ಅಂಗೈಯಲ್ಲಿ ಲಿಂಗವನ್ನು ನೋಡುತ್ತ ಬೆಳೆದವಳು ನಾನು, ಹೇಗೆ ಹಾಗೆ ಬರೆದೆನೋ ತಿಳಿಯದು. ಒಂದು ತಿಂಗಳು ಕಲಿತು ಎಲ್ಲ ಬಲ್ಲವಳ ಹಾಗೆ ತೀರ್ಪು ಕೊಟ್ಟೆ. ಅಲ್ಪವಿದ್ಯೆ ಮಹಾಗರ್ವ ಎಂದು ನೀವು ಅಪ್ಪನಿಗೆ ಬೈಯುತ್ತಿದ್ದಿರಿ, ಈಗ ಅದು ನನಗೇ ಸಲ್ಲುತ್ತದೆ.

ನಮ್ಮ ಗುರುವಿನ ಎಡಗೈ ಅರ್ಧ ಮುಚ್ಚಿತ್ತು. ಏನನ್ನೋ ಹಿಡಿದುಕೊಂಡವಳ ಹಾಗೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಒಳಗೆ ಏನೂ ಇರಲಿಲ್ಲ, ಆದರೆ ಬಿಟ್ಟ ಕೂಡಲೇ ಮತ್ತೆ ಹಾಗೇ ಮಡಚಿಕೊಂಡಿತು. ಮನುಷ್ಯನ ಕೈ ತಾನಾಗಿ ನಿಲ್ಲುವ ರೀತಿಯೇ ಹಾಗೆ ಎಂದರು ಮೇಡಂ. ಸುಮ್ಮನೆ ಬಿಟ್ಟರೆ ಅದು ಚಪ್ಪಟೆಯಾಗುವುದಿಲ್ಲ, ಬೊಗಸೆಯಾಗುತ್ತದೆ. ಶಿವರಾಯ ಅಜ್ಜನಿಗೆ ಇದನ್ನು ಹೇಳಿ.

ಈಗ ನನಗೊಂದು ಸಹಾಯ ಬೇಕು. ಅವರ ಎಡಗೈಯನ್ನು ಕಾಗದದ ಮೇಲೆ ಇಡಿಸಿ, ಸುತ್ತಲೂ ಪೆನ್ಸಿಲ್ ಎಳೆದು ಚಿತ್ರ ತೆಗೆಯಿರಿ. ಹತ್ತಿಯ ಎಳೆಯಿಂದ ಮುಟ್ಟುತ್ತ ಹೋಗಿ, ಎಲ್ಲೆಲ್ಲಿ ತಿಳಿಯುವುದಿಲ್ಲವೋ ಅಲ್ಲಿ ಗೆರೆ ಹೊಡೆದು ಕಳಿಸಿ. ಈ ಸಲ ಸಮೀರನಿಗೆ ಅಲ್ಲ, ಮೇಡಂಗೆ ತೋರಿಸುತ್ತೇನೆ. ಅವರನ್ನು ಊಟ ಮಾಡಲು ಒಪ್ಪಿಸಿ ಅಜ್ಜ. ನಿಮ್ಮ ಮಾತು ಕೇಳುತ್ತಾರೆ.

ಉಮಾ


ಸಂಭಾಜಿನಗರ
೨೪ ಡಿಸೆಂಬರ್ ೨೦೨೪

ಚಿ. ಉಮಾಗೆ ಆಶೀರ್ವಾದ.

ನೀನು ಕೇಳಿದ ಚಿತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಶಿವರಾಯ ಮಧ್ಯಾಹ್ನ ಬಂದಿದ್ದ, ನಾನೇ ಗೆರೆ ಎಳೆದೆ. ಡ್ರಾಯಿಂಗ್ ನೋಡಿ ಕೆಲಸ ಮಾಡಿದ ಕೈ ನನ್ನದು, ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ.

ಒಂದು ವಿಚಿತ್ರ ಸಂಗತಿ. ಕಿರುಬೆರಳು ಪೂರ್ತಿ ಮಲಗಿದೆ, ಅದರ ಕೆಳಗಿನ ಅಂಗೈಯ ಅಂಚೂ ಮಲಗಿದೆ. ಆದರೆ ಉಂಗುರದ ಬೆರಳು ಅರ್ಧ ಮಾತ್ರ. ಕಿರುಬೆರಳಿನ ಕಡೆಯ ಅರ್ಧಕ್ಕೆ ಹತ್ತಿ ಮುಟ್ಟಿದ್ದು ತಿಳಿಯುವುದಿಲ್ಲ, ನಡುಬೆರಳಿನ ಕಡೆಯ ಅರ್ಧಕ್ಕೆ ತಿಳಿಯುತ್ತದೆ. ನಾಲ್ಕು ಸಲ ನೋಡಿದೆ. ಒಂದೇ ಬೆರಳಿನಲ್ಲಿ ಎರಡು ಊರು! ಹೀಗೂ ಇರುತ್ತದೆಯೇ, ಅಥವಾ ಶಿವರಾಯನಿಗೆ ತಲೆ ಕೆಟ್ಟಿದೆಯೇ?

ಬೊಗಸೆಯ ಮಾತನ್ನು ಅವನಿಗೆ ಹೇಳಿದೆ. ಬಹಳ ಹೊತ್ತು ತನ್ನ ಬಲಗೈಯನ್ನೇ ನೋಡುತ್ತ ಕೂತಿದ್ದ. ಊಟಕ್ಕೆ ಒಪ್ಪಲಿಲ್ಲ.

ವೈಜನಾಥ


ನಾಶಿಕ
೨೯ ಡಿಸೆಂಬರ್ ೨೦೨೪

ಅಜ್ಜಾ,

ಲಕೋಟೆಯನ್ನು ಮೆಸ್ಸಿನಲ್ಲಿ ಒಡೆದೆ. ಚಿತ್ರ ಬಿಚ್ಚಿದೆ. ಶಿವರಾಯನ ನಡುಬೆರಳಿಗೆ ತುದಿಯೇ ಇಲ್ಲ.

ಆ ಕೈ ನನಗೆ ಗೊತ್ತು. ಹತ್ತರವರೆಗೆ ಎಣಿಸಲು ಕಲಿತದ್ದು ಅದರ ಮೇಲೆ. ಪ್ರತಿ ಸಲ ನಡುಬೆರಳಿಗೆ ಬಂದಾಗ 'ಇದು ಮುಕ್ಕಾಲು' ಎಂದು ನೀವು ನಗಿಸುತ್ತಿದ್ದಿರಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಜ್ಜ? ಅಷ್ಟು ಅಳತೆ ಹಿಡಿದು ಗೆರೆ ಎಳೆದವರಿಗೆ ತಮ್ಮ ಬೆರಳು ಗಿಡ್ಡ ಎನ್ನುವುದೇ ನೆನಪಾಗಲಿಲ್ಲವೇ? ನಗು ಬಂತು. ಆಮೇಲೆ, 'ಆ ಕೈಯನ್ನು ಮರೆತುಬಿಡಿ' ಎಂದು ನಾನು ಬರೆದದ್ದು ನೆನಪಾಯಿತು. ತಟ್ಟೆ ಬಿಟ್ಟು ಎದ್ದುಹೋದೆ. ನಿಮ್ಮ ಪತ್ರಗಳನ್ನೆಲ್ಲ ತೆಗೆದು ನೋಡಿದೆ. ಯಾವುದರಲ್ಲಿಯೂ 'ಕ್ಷೇಮ' ಎಂಬ ಸಾಲು ಇಲ್ಲ. ನೀವು ಮರೆತದ್ದಲ್ಲ. ಸುಳ್ಳು ಬರೆಯಲು ನಿಮ್ಮ ಕೈ ಏಳಲಿಲ್ಲ, ಅಷ್ಟೇ.

ಈಗ ನಾನು ನಿನ್ನೆ ಕಂಡದ್ದನ್ನು ಕೇಳಿ. ಮೇಡಂಗೆ ಚಿತ್ರ ತೋರಿಸಿದೆ. ಅವರು ನನ್ನನ್ನು ಮೇಜಿನ ಹತ್ತಿರ ಕರೆದೊಯ್ದು, ಗುರುವಿನ ಎಡ ಮೊಣಕೈಯನ್ನು ನನ್ನಿಂದಲೇ ಬಿಡಿಸಿದರು. ಮೊಣಕೈಯ ಒಳಬದಿಯಲ್ಲಿ ಒಂದು ಎಲುಬು ಉಬ್ಬಿಕೊಂಡಿದೆಯಲ್ಲ, ಅದರ ಹಿಂದೆ ಒಂದು ಸಣ್ಣ ಕಾಲುವೆ. ಕಾಲುವೆಯಲ್ಲಿ ಒಂದು ನರ. ಬಿಳಿಯದು, ನೀವು ಲಿಂಗ ಕಟ್ಟಿಕೊಳ್ಳುವ ಶಿವದಾರದಷ್ಟು ದಪ್ಪ. ಕುತ್ತಿಗೆಯಿಂದ ಹೊರಟು ತೋಳಿನಲ್ಲಿ ಸ್ನಾಯುಗಳ ಮರೆಯಲ್ಲಿ ಜೋಪಾನವಾಗಿ ಇಳಿದು ಬರುತ್ತದೆ, ಈ ಒಂದು ಜಾಗದಲ್ಲಿ ಮಾತ್ರ ಅದರ ಮೇಲೆ ತೆಳು ಹೊದಿಕೆ ಬಿಟ್ಟರೆ ಬರೀ ಚರ್ಮ. ಬಾಗಿಲಿಗೆ ಮೊಣಕೈ ಬಡಿದಾಗ ಝುಂ ಎನ್ನುವುದು ಇದೇ. ನಾನು ಅದನ್ನು ಹಿಡಿದುಕೊಂಡೇ ಕೆಳಗೆ ಹೋದೆ. ಮುಂಗೈ ದಾಟಿತು, ಮಣಿಕಟ್ಟು ದಾಟಿತು, ಅಂಗೈಯಲ್ಲಿ ಕವಲೊಡೆಯಿತು. ಒಂದು ಕವಲು ಕಿರುಬೆರಳಿಗೆ. ಇನ್ನೊಂದು ಉಂಗುರದ ಬೆರಳಿಗೆ, ಅದೂ ಅರ್ಧಕ್ಕೆ ಮಾತ್ರ! ಇನ್ನರ್ಧಕ್ಕೆ ಬೇರೆ ನರ ಬರುತ್ತದೆ. ನಿಮ್ಮ ಪೆನ್ಸಿಲ್ ಗೆರೆ ಎಲ್ಲಿ ನಿಂತಿತ್ತೋ ಸರಿಯಾಗಿ ಅಲ್ಲಿಗೆ ಆ ಎಳೆ ನಿಂತಿತು. ಎಂದೂ ನೋಡದ ಹೆಂಗಸಿನ ಕೈಯೊಳಗೆ ನಿಮ್ಮ ಕೈಯ ನಕ್ಷೆ ಇತ್ತು ಅಜ್ಜ. ಚಿತ್ರವನ್ನು ಅವಳ ಅಂಗೈಯ ಪಕ್ಕದಲ್ಲಿ ಹಿಡಿದು ಗೆರೆಯನ್ನೂ ಎಳೆಯನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದೆ.

ಆಗ ನಿಮ್ಮ ಸಾಗವಾನಿ ಪೀಠ ಕಣ್ಣ ಮುಂದೆ ಬಂತು. ದಿನಕ್ಕೆ ಒಂದೂವರೆ ತಾಸು, ಮಡಚಿದ ಮೊಣಕೈ, ಗಟ್ಟಿ ಕಟ್ಟಿಗೆ, ನಡುವೆ ಆ ಬಿಳಿ ನರ. ನಿಮ್ಮ ಮೇಲೆ ಶಿವ ಮುನಿದಿಲ್ಲ. ನಿಮ್ಮ ಪೀಠ ನರವನ್ನು ಅರೆದಿದೆ. ಕೈಯಿಂದ ಲಿಂಗ ಜಾರಿದ್ದು ಭಕ್ತಿ ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ.

ಗುಂಡಿ ಬಿದ್ದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದದ್ದು ತಪ್ಪು ಎಂದು ಮೇಡಂ ನನ್ನನ್ನು ಸರಿಯಾಗಿ ಬೈದರು. ನರ ಒತ್ತಿಹೋದರೂ ಅನೇಕ ಸಲ ಮತ್ತೆ ಬೆಳೆಯುತ್ತದಂತೆ. ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಆದರೆ ತಡ ಮಾಡಿದಷ್ಟೂ ಕಷ್ಟ. ಕರೆಂಟ್ ಕೊಟ್ಟು ನರದ ಪರೀಕ್ಷೆ ಮಾಡುತ್ತಾರೆ, ಈ ವಾರವೇ ಆಗಬೇಕು. ಅಪ್ಪನಿಗೆ ನಾನು ಹೇಳಿಲ್ಲ, ನೀವೇ ಹೇಳಿ. ಹೇಳದಿದ್ದರೆ ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ.

ನನ್ನನ್ನು ಕ್ಷಮಿಸಿ.

ಉಮಾ


ಸಂಭಾಜಿನಗರ
೧೯ ಜನವರಿ ೨೦೨೫

ಚಿ. ಉಮಾಗೆ ಆಶೀರ್ವಾದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಇಡೀ ಕುಂಬಳಕಾಯಿಯನ್ನೇ ಲಕೋಟೆಯಲ್ಲಿ ಹಾಕಿ ಕಳಿಸಿದೆ. ಶಿವರಾಯ ಊರಿಗೆ ಹೋದ, ಇನ್ನು ಬರುವುದಿಲ್ಲ.

ಮೊದಲು ಸಿಟ್ಟು ಬಂತು. ಪೂಜೆಯೇ ಕೈ ತಿಂದಿತು ಎನ್ನುತ್ತಾಳೆ ಈ ಹುಡುಗಿ ಎಂದುಕೊಂಡೆ. ಆಮೇಲೆ ಪೀಠ ತಂದು, ಸುಮ್ಮನೆ ಮೊಣಕೈ ಊರಿ ನೋಡಿದೆ. ನೀನು ಹೇಳಿದ ಎಲುಬು, ಅದರ ಹಿಂದಿನ ಕಾಲುವೆ, ಸರಿಯಾಗಿ ಪೀಠದ ಅಂಚಿನ ಮೇಲೆ ಕೂತಿತು. ಮೂವತ್ತೊಂದು ವರ್ಷ ಯಾವ ಪಾರ್ಟು ಎಲ್ಲಿ ಉಜ್ಜಿ ಸವೆಯುತ್ತದೆ ಎಂದು ಇನ್ನೊಬ್ಬರಿಗೆ ಹೇಳಿಕೊಟ್ಟವನು ನಾನು. ಅಂಚನ್ನು ಗುಂಡಗೆ ಕೂಡ ಮಾಡಿರಲಿಲ್ಲ. ಪೀಠವನ್ನು ಸ್ನಾನದ ನೀರು ಕಾಯಿಸುವ ಬಂಬಿನ ಒಲೆಗೆ ಹಾಕಿದೆ. ಆ ದಿನ ನಿನ್ನ ಅಜ್ಜಿ ಅದರ ನೀರಿನಲ್ಲೇ ಸ್ನಾನ ಮಾಡಿದಳು.

ಬಸವಕುಮಾರನಿಗೆ ಹೇಳಿದೆ. ಅವನು ಬೈದದ್ದನ್ನು ಬರೆಯುವುದಿಲ್ಲ. ಪರೀಕ್ಷೆ ಆಯಿತು. ನರ ಪೂರ್ತಿ ಸತ್ತಿಲ್ಲ, ಮೊಣಕೈಯಲ್ಲಿ ಸಿಕ್ಕಿಕೊಂಡಿದೆ, ಬಿಡಿಸಿ ಎಲುಬಿನ ಮುಂದಕ್ಕೆ ತಂದು ಕೂಡಿಸುತ್ತೇವೆ ಎಂದರು ಡಾಕ್ಟರು. ಆದರೆ ನನ್ನನ್ನು ತೂಕದ ಮಷೀನಿನ ಮೇಲೆ ನಿಲ್ಲಿಸಿದರು. ಒಂಬತ್ತು ಕಿಲೊ ಇಳಿದಿದ್ದೇನೆ. ರಕ್ತವೂ ಕಡಿಮೆ. ಉಂಡು ಗಟ್ಟಿಯಾಗುವವರೆಗೆ ಆಪರೇಷನ್ ಮಾಡುವುದಿಲ್ಲವಂತೆ.

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಕೈ ಬರಬೇಕಾದರೆ ಉಣ್ಣಬೇಕು, ಉಣ್ಣಬೇಕಾದರೆ ಕೈ ಬರಬೇಕು. ಕೊಟ್ಟ ಮಾತು ನನ್ನದು, ಕೇಳಿಸಿಕೊಂಡವನು ಶಿವ. ಬಸವಕುಮಾರ ಹುಚ್ಚುತನ ಎನ್ನುತ್ತಾನೆ. ನಿನ್ನ ಅಜ್ಜಿ ಮಾತ್ರ ದಿನಾ ನನ್ನ ಪಾಲಿನ ಎರಡು ರೊಟ್ಟಿಯನ್ನೂ ಬಡಿದು ಮುಚ್ಚಿಡುತ್ತಾಳೆ. ಸಂಜೆ ಅವನ್ನು ಓಣಿಯ ದನಕ್ಕೆ ಹಾಕುತ್ತಾಳೆ. ನನಗೆ ಹೆದರಿಕೆಯಾಗುತ್ತಿದೆ ಉಮಾ. ಇದನ್ನು ಇನ್ನಾರಿಗೂ ಹೇಳಿಲ್ಲ.

ಅಜ್ಜ


ನಾಶಿಕ
೨೫ ಜನವರಿ ೨೦೨೫

ಪೂಜ್ಯ ಅಜ್ಜನಿಗೆ ಶರಣು ಶರಣಾರ್ಥಿ.

ವ್ರತ ಬಿಡಿ ಎಂದು ಹೇಳುವಷ್ಟು ನನಗೆ ಧರ್ಮ ಗೊತ್ತಿಲ್ಲ. ಒಮ್ಮೆ ತಿಳಿಯದ್ದನ್ನು ಹೇಳಿ ನಿಮ್ಮನ್ನು ಈ ಸ್ಥಿತಿಗೆ ತಂದಿದ್ದೇನೆ, ಮತ್ತೆ ಆ ತಪ್ಪು ಮಾಡುವುದಿಲ್ಲ. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಹೆಗಲಿನಿಂದ ಬೆರಳಿನವರೆಗೆ ಇರುವ ಸ್ನಾಯುಗಳನ್ನು ನಾವೀಗ ಎಲ್ಲ ಬಿಡಿಸಿದ್ದೇವೆ. ಹತ್ತಿರ ಹತ್ತಿರ ಐವತ್ತು. ಹೋದ ವಾರ ಪರೀಕ್ಷೆಯಲ್ಲಿ ಮೇಡಂ ನನ್ನ ಅಂಗೈಯ ಮೇಲೆ ಒಂದು ಸೀಮೆಸುಣ್ಣ ಇಟ್ಟು, ಇದನ್ನು ಹಿಡಿದಿರುವ ಸ್ನಾಯು ಯಾವುದು ಎಂದು ಕೇಳಿದರು. ನಾನು ಬೆರಳಿನ ಸ್ನಾಯುಗಳ ಹೆಸರು ಹೇಳಿದೆ. ಮತ್ತೆ ಎಂದರು. ಮಣಿಕಟ್ಟಿನವು ಎಂದೆ. ಮತ್ತೆ ಎಂದರು. ಮೊಣಕೈ, ತೋಳು, ಹೆಗಲು, ಬೆನ್ನು, ಕುತ್ತಿಗೆ ಎಲ್ಲ ಹೇಳಿ ಸಾಕಾಗಿ ನಿಂತೆ. ಆಗ ಅವರು, ಈಗ ಸರಿಯಾಯಿತು ಎಂದರು. ಬೆರಳು ಹಿಡಿಯಲಿ ಎಂದು ಮಣಿಕಟ್ಟು ಅಲುಗದೆ ನಿಲ್ಲುತ್ತದೆ. ಮಣಿಕಟ್ಟಿಗಾಗಿ ಮೊಣಕೈ, ಅದಕ್ಕಾಗಿ ಹೆಗಲು. ಕಾಣುವುದು ಬೆರಳು ಮಾತ್ರ, ಉಳಿದವೆಲ್ಲ ಕೆಳಗೆ ಸುಮ್ಮನೆ ಆತುಕೊಂಡಿರುತ್ತವೆ. ಒಂದು ಸೋತರೆ ಪಕ್ಕದ್ದು ಅದರ ಭಾರವನ್ನೂ ತೆಗೆದುಕೊಳ್ಳುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ.

ಹುಟ್ಟಿದಂದಿನಿಂದ ಯಾವ ಕೈಯೂ ಏನನ್ನೂ ಒಂಟಿಯಾಗಿ ಹಿಡಿದಿಲ್ಲ ಅಜ್ಜ. ಮೂರು ತಿಂಗಳಲ್ಲಿ ನಾನು ಕಲಿತದ್ದರಲ್ಲಿ ಇದೇ ದೊಡ್ಡದು ಅನ್ನಿಸುತ್ತದೆ. ನಿಮ್ಮ ಗಂಟನ್ನು ಇದು ಬಿಡಿಸುತ್ತದೋ ಇಲ್ಲವೋ ಗೊತ್ತಿಲ್ಲ. ಅಜ್ಜಿಗೂ ಓದಿ ಹೇಳಿ.

ಉಮಾ


ಸಂಭಾಜಿನಗರ
೨೭ ಫೆಬ್ರುವರಿ ೨೦೨೫

ಚಿರಂಜೀವಿ ಉಮಾಗೆ ಅಜ್ಜನ ಆಶೀರ್ವಾದ.

ಮೂರೇ ತಪ್ಪು. ಹೀಗೇ ಆದರೆ ನನ್ನ ಕೆಂಪು ಪೆನ್ನಿಗೆ ಕೆಲಸವಿಲ್ಲ.

ಆಪರೇಷನ್ ಆದದ್ದನ್ನು ನಿನ್ನಪ್ಪ ಫೋನಿನಲ್ಲಿ ಹೇಳಿದ್ದಾನೆ. ಮೊನ್ನೆ ಹೊಲಿಗೆ ಬಿಚ್ಚಿದರು. ಅವನಿಗೆ ಗೊತ್ತಿಲ್ಲದ್ದನ್ನು ನಾನು ಬರೆಯುತ್ತೇನೆ.

ನಿನ್ನ ಪತ್ರವನ್ನು ಅಜ್ಜಿಗೆ ಓದಿ ಹೇಳಿದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಸೀಮೆಸುಣ್ಣದ ಮಾತು ಬಂದಾಗ ಕೈ ನಿಲ್ಲಿಸಿದಳು. 'ಅದೊಂದು ಮತ್ತೊಮ್ಮೆ ಓದ್ರಿ' ಎಂದಳು. ಓದಿದೆ. ಮತ್ತೆ ಬಡಿಯತೊಡಗಿದಳು.

ಮರುದಿನ ಬೆಳಿಗ್ಗೆ ತನ್ನ ಪೂಜೆ ಮುಗಿಸಿ ಬಂದು ನನ್ನ ಎಡಕ್ಕೆ ಕೂತಳು. ನನ್ನ ಕೊರಳಿನ ಕರಡಿಗೆ ತೆರೆಯಲು ಹೇಳಿದಳು. ಎರಡು ತಿಂಗಳಿಂದ ತೆರೆದಿರಲಿಲ್ಲ, ಬಲಗೈಯಿಂದ ತೆರೆದೆ. ಅವಳು ತನ್ನ ಬಲ ಅಂಗೈಯನ್ನು ನನ್ನ ಎಡ ಅಂಗೈಯ ಕೆಳಗೆ ತಂದು ಇಟ್ಟಳು. ಐವತ್ತು ವರ್ಷ ರೊಟ್ಟಿ ಬಡಿದ ಕೈ, ಕಲ್ಲಿನಷ್ಟು ಗಟ್ಟಿ, ಬೆಚ್ಚಗೆ. ನನ್ನ ಮಲಗಿದ ಬೆರಳುಗಳನ್ನು ತನ್ನ ಬೆರಳುಗಳಿಂದ ಮೇಲಕ್ಕೆತ್ತಿ ಬೊಗಸೆ ಮಾಡಿದಳು. ಇದು ನಡೆಯುವುದಿಲ್ಲ, ನನ್ನ ವ್ರತ ನಾನೊಬ್ಬನೇ ಹಿಡಿಯಬೇಕು ಎಂದೆ.

'ನಿಮ್ಮ ಕೈದಾಗ ಲಿಂಗ ಇಡ್ರಿ. ನಿಮ್ಮ ಕೈ ನನ್ನ ಕೈದಾಗ ಅದ. ಬೀಳ್ತದೇನು ನೋಡೂಣು' ಎಂದಳು.

ಇಟ್ಟೆ. ಬೀಳಲಿಲ್ಲ.

ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ. ಮೊಣಕೈ ಮಡಚಬಾರದು ಎಂದು ಡಾಕ್ಟರು ಹೇಳಿದ್ದರಲ್ಲ, ಹಾಗಾಗಿ ಲಿಂಗವನ್ನು ಕಣ್ಣಿನ ಮಟ್ಟಕ್ಕೆ ಎತ್ತಲಿಲ್ಲ, ನಾನೇ ತಲೆ ಬಾಗಿಸಿದೆ. ಇಷ್ಟು ವರ್ಷ ಯಾಕೆ ಹೀಗೆ ಮಾಡಲಿಲ್ಲ ಎನ್ನಿಸಿತು. ಅತ್ತುಬಿಟ್ಟೆ ಎಂದು ಬರೆಯಲು ನಾಚಿಕೆಯಿಲ್ಲ. ಆಮೇಲೆ ಅವಳು ಮುಚ್ಚಿಟ್ಟಿದ್ದ ಎರಡು ರೊಟ್ಟಿ ತಂದು ತಟ್ಟೆಗೆ ಹಾಕಿದಳು. ಓಣಿಯ ದನಕ್ಕೆ ಆ ದಿನದಿಂದ ಉಪವಾಸ.

ನಿನ್ನೆ ಶಿವರಾತ್ರಿ. ಊರಿಗೆಲ್ಲ ಉಪವಾಸ, ನನಗೆ ಮಾತ್ರ ಡಾಕ್ಟರ ಅಪ್ಪಣೆಯಂತೆ ಊಟ. ಶಿವ ಸರಿಯಾಗಿ ಲೆಕ್ಕ ತೀರಿಸಿಕೊಂಡ.

ಬೆರಳು ಇನ್ನೂ ಎದ್ದಿಲ್ಲ. ನಾನು ಹಳೆಯ ಉಕ್ಕಿನ ಸ್ಕೇಲು ತೆಗೆದು ಮೊಣಕೈಯಿಂದ ಕಿರುಬೆರಳಿನ ತುದಿಯವರೆಗೆ ಅಳೆದೆ. ಮುನ್ನೂರ ಎಂಬತ್ತು ಮಿಲಿಮೀಟರ್. ಒಂದು ವರ್ಷದ ದಾರಿ. ಲೇತಿನ ಮೇಲೆ ಒಂದು ಮಿಲಿಮೀಟರ್ ಕೆತ್ತಲು ನನಗೆ ಒಂದು ಗಳಿಗೆ ಸಾಕಾಗುತ್ತಿತ್ತು, ನನ್ನೊಳಗೆ ಯಾರೋ ಅದನ್ನು ಇಡೀ ದಿನ ಕೂತು ಮಾಡುತ್ತಿದ್ದಾರೆ. ನಾನು ನಿದ್ದೆ ಮಾಡಿದಾಗಲೂ ಬಿಡುವುದಿಲ್ಲವಂತೆ. ಬೆಳಿಗ್ಗೆ ಎದ್ದು ಕೈ ನೋಡಿಕೊಂಡಾಗ ಮೈ ಜುಮ್ಮೆನ್ನುತ್ತದೆ. ನಿನ್ನ ಗುರುವಿಗೆ ನನ್ನ ಶರಣು ಹೇಳು. ಈ ಸಲ ಅವಳ ಎಡಗೈ ಮುಟ್ಟಿ ಹೇಳು.

ಒಂದು ಗುಟ್ಟು. ದಿನಾ ಬೆಳಿಗ್ಗೆ ಅಜ್ಜಿ ಬಂದು ಅಂಗೈ ಕೊಡುತ್ತಾಳೆ. ಮದುವೆಯಾದ ನಲವತ್ತೆಂಟು ವರ್ಷದಲ್ಲಿ ನಾವು ಹೀಗೆ ಕೈ ಹಿಡಿದು ಕೂತದ್ದಿಲ್ಲ. ಬೆರಳು ಎದ್ದ ದಿನ ಅವಳಿಗೆ ಕೂಡಲೇ ಹೇಳಬಾರದು ಎಂದುಕೊಂಡಿದ್ದೇನೆ. ನೀನೂ ಹೇಳಬೇಡ.

ಇತ್ತ ನಾವೆಲ್ಲರೂ ಕ್ಷೇಮ.

ನಿನ್ನ ಅಜ್ಜ
ವೈಜನಾಥ